ಕೊಂದವರು ಯಾರು? ಬಿಡುಗಡೆಯ ತೀರ್ಪಿನ ನಂತರವೂ ಉಳಿದ ಪ್ರಶ್ನೆ

2023ರ ಜೂನ್ 16, ಶುಕ್ರವಾರ. ಒಮಾನಿನಲ್ಲಿ ವಾರದ ರಜೆ. ಸೌಜನ್ಯ ಪ್ರಕರಣದ ಏಕೈಕ ಆರೋಪಿಯನ್ನು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ನಿರ್ದೋಷಿಯೆಂದು ಬಿಡುಗಡೆ ಮಾಡಿದ ಸುದ್ದಿ ಅಂದು ನಮ್ಮೆಲ್ಲರ ಮೊಬೈಲಿಗೆ ಬಂತು. ರೂವಿ, ಮತ್ರಾ, ಬರ್ಕಾ, ಸೊಹಾರ್, ಸಲಾಲಾ ಹೀಗೆ ನಮ್ಮ ಊರಿನವರು ನಾಲ್ಕು ಮಂದಿ ಸೇರುವ ಕಡೆಯಲ್ಲೆಲ್ಲ ಅದೇ ಮಾತು. ಜಾತಿ, ಧರ್ಮ, ಪಕ್ಷ ಯಾವುದೇ ಇರಲಿ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಹಾಗಾದರೆ ಆ ಹುಡುಗಿಯನ್ನು ಕೊಂದವರು ಯಾರು?

ಆ ಪ್ರಶ್ನೆಗೆ ಉತ್ತರ ಕೊಡುವ ಶಕ್ತಿ ನಮಗಿಲ್ಲ. ಆದರೆ ಉತ್ತರ ಯಾಕೆ ಸಿಗಲಿಲ್ಲ, ನಮ್ಮ ಸಿಟ್ಟನ್ನು ಯಾರ ಕಡೆ ತಿರುಗಿಸಬೇಕು, ಇನ್ನೊಂದು ಮನೆಗೆ ಇಂಥ ಗತಿ ಬಾರದಂತೆ ನಾವು ಏನು ತಿಳಿದಿರಬೇಕು ಎಂಬುದನ್ನು ಶಾಂತವಾಗಿ ಕುಳಿತು ಯೋಚಿಸಬಹುದು. ನಮ್ಮಲ್ಲಿ ಹೆಚ್ಚಿನವರ ಹೆಂಡತಿ, ಮಗಳು, ತಂಗಿ ಊರಿನಲ್ಲೇ ಇದ್ದಾರೆ. ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗಿ, ಸಂಜೆ ಬಸ್ಸಿಳಿದು ತೋಟದ ದಾರಿಯಲ್ಲಿ ನಡೆದು ಮನೆ ಸೇರುತ್ತಾರೆ. ಹಾಗಾಗಿ ಇದು ಯಾರದೋ ಮನೆಯ ವಿಷಯ ಎಂದು ಬಿಡುವಂತಿಲ್ಲ.

ನಡೆದದ್ದೇನು?

2012ರ ಅಕ್ಟೋಬರ್ 9. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದ 17 ವರ್ಷದ ಸೌಜನ್ಯ ಕಾಲೇಜು ಮುಗಿಸಿ, ಬಸ್ಸಿಳಿದು, ಧರ್ಮಸ್ಥಳ ಗ್ರಾಮದ ಪಾಂಗಾಳದಲ್ಲಿರುವ ಮನೆಗೆ ನಡೆದು ಹೊರಟಳು. ಮನೆ ತಲುಪಲಿಲ್ಲ. ಮನೆಯವರು, ಊರವರು ಹುಡುಕಿದರು. ಮರುದಿನ ಕಾಡಿನಲ್ಲಿ ಅವಳ ಶವ ಸಿಕ್ಕಿತು. ಅತ್ಯಾಚಾರ ಮಾಡಿ ಕೊಲ್ಲಲಾಗಿತ್ತು. ಮಾರನೆಯ ದಿನ ಕೆಲವರು ಒಬ್ಬ ವ್ಯಕ್ತಿಯನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿದರು. ಆತನೇ ಆರೋಪಿಯಾದ.

ಇವನು ನಿಜವಾದ ಅಪರಾಧಿ ಅಲ್ಲ ಎಂಬ ಸಂಶಯ ಮನೆಯವರಿಗೆ ಮೊದಲಿಂದಲೇ ಇತ್ತು. ಊರು ಬೀದಿಗಿಳಿಯಿತು. ತನಿಖೆ ಬೆಳ್ತಂಗಡಿ ಪೊಲೀಸರಿಂದ ಸಿಐಡಿಗೆ, 2013ರ ಕೊನೆಯಲ್ಲಿ ಸಿಬಿಐಗೆ ಹೋಯಿತು. ಮೂರು ಸಂಸ್ಥೆಗಳು ಬದಲಾದರೂ ಆರೋಪಿ ಒಬ್ಬನೇ ಉಳಿದ. ಸುಮಾರು 11 ವರ್ಷಗಳ ನಂತರ ನ್ಯಾಯಾಲಯ ಹೇಳಿದ್ದು, ಈತನ ಮೇಲಿನ ಆರೋಪ ಸಾಬೀತಾಗಿಲ್ಲ ಎಂದು. ತನಿಖೆಯ ಆರಂಭದಲ್ಲಿ ನಡೆದ ಲೋಪಗಳನ್ನೂ ತೀರ್ಪು ಎತ್ತಿ ತೋರಿಸಿತು. ತಪ್ಪಿತಸ್ಥ ಅಧಿಕಾರಿಗಳ ವಿಚಾರವನ್ನು ಖುಲಾಸೆ ಪ್ರಕರಣಗಳನ್ನು ಪರಿಶೀಲಿಸುವ ಸಮಿತಿ ನೋಡಬೇಕೆಂದಿತು.

ಆಮೇಲೆ ಬೆಳ್ತಂಗಡಿ, ಪುತ್ತೂರು, ಸುಳ್ಯ, ಮಂಗಳೂರು ಎಂದು ಸಾಲು ಸಾಲು ಪ್ರತಿಭಟನೆ ನಡೆದದ್ದು ನಮಗೆಲ್ಲ ಗೊತ್ತು. ಸಿಬಿಐ ಮೇಲ್ಮನವಿ ಹಾಕಿತು. ಹುಡುಗಿಯ ತಂದೆ ಮರುತನಿಖೆ ಕೇಳಿದರು. 2024ರ ಆಗಸ್ಟ್ 30ರಂದು ಕರ್ನಾಟಕ ಹೈಕೋರ್ಟು ಎರಡನ್ನೂ ತಳ್ಳಿಹಾಕಿತು.

ಇದು ಯಾವ ಬಗೆಯ ಸಿಟ್ಟು?

ಸಾಮಾನ್ಯವಾಗಿ ಕೊಲೆ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾದರೆ ಜನ ಏನೆನ್ನುತ್ತಾರೆ? "ಕೊಲೆಗಾರನನ್ನು ಬಿಟ್ಟುಬಿಟ್ಟರು" ಎನ್ನುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಮಗಳನ್ನು ಕಳಕೊಂಡ ತಾಯಿಯೇ ಬಿಡುಗಡೆಯಾದವನು ನಿರಪರಾಧಿ ಎಂದರು. ಬೀದಿಗಿಳಿದವರು ಅವನನ್ನು ಮತ್ತೆ ಹಿಡಿಯಿರಿ ಎನ್ನಲಿಲ್ಲ, ನಿಜವಾದವರನ್ನು ಹುಡುಕಿ ಎಂದರು. ಅಂದರೆ ಇಲ್ಲಿ ನೊಂದವರು ಎರಡು ಕಡೆ ಇದ್ದಾರೆ. ಒಂದು ಕಡೆ ಮಗಳನ್ನು ಕಳಕೊಂಡ ಮನೆ. ಇನ್ನೊಂದು ಕಡೆ ಸುಮಾರು 11 ವರ್ಷ ಕೊಲೆಗಾರ ಎಂಬ ಹೆಸರು ಹೊತ್ತು, ಜೈಲು ಕೋರ್ಟು ಅಲೆದ ಮನುಷ್ಯ ಮತ್ತು ಅವನ ಮನೆ. ಆತನ ಹೆಸರನ್ನು ನಾವು ಇಲ್ಲಿ ಬರೆಯುತ್ತಿಲ್ಲ. ಆ ಹೆಸರು ಸಾಕಷ್ಟು ಸಲ ಅಚ್ಚಾಗಿದೆ.

ಇದನ್ನು ಮೊದಲು ಅರ್ಥ ಮಾಡಿಕೊಂಡರೆ ಮುಂದಿನದು ಸುಲಭ. ತಪ್ಪು ಆದದ್ದು ಬಿಡುಗಡೆ ಮಾಡಿದ ದಿನ ಅಲ್ಲ. ಅದಕ್ಕಿಂತ ಸುಮಾರು 11 ವರ್ಷ ಮೊದಲು, ಶವ ಸಿಕ್ಕಿದ ಆ ಒಂದೆರಡು ದಿನಗಳಲ್ಲಿ.

"ಇಲ್ಲಿನ ಕಾನೂನು ಊರಿಗೂ ಬರಬೇಕು"

ಇಂಥ ತೀರ್ಪು ಬಂದಾಗಲೆಲ್ಲ ನಮ್ಮ ರೂಮುಗಳಲ್ಲಿ ಕೇಳಿಬರುವ ಮಾತು ಒಂದಿದೆ: "ಗಲ್ಫ್ ಕಾನೂನು ಊರಿಗೂ ಬರಬೇಕು ಮಾರಾಯ್ರೆ, ಆಗ ಎಲ್ಲ ಸರಿಯಾಗುತ್ತದೆ." ಮಾತಿನ ಹಿಂದಿನ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಸ್ವಲ್ಪ ಯೋಚಿಸೋಣ. ಊರಿನಲ್ಲಿ ಕೊಲೆಗೆ ಗಲ್ಲು ಇಲ್ಲವೇ? ಇದೆ. ಜೀವಾವಧಿ ಇದೆ. ಶಿಕ್ಷೆ ಕಡಿಮೆಯಾಗಿ ಸೌಜನ್ಯಳ ಮನೆಗೆ ನ್ಯಾಯ ತಪ್ಪಿಹೋದದ್ದಲ್ಲ. ಯಾರಿಗೆ ಶಿಕ್ಷೆ ಕೊಡಬೇಕು ಎಂಬುದೇ ಗೊತ್ತಾಗಲಿಲ್ಲ. ಗಲ್ಲುಗಂಬ ಎಷ್ಟು ಎತ್ತರವಿದ್ದರೇನು, ಅದರ ಹತ್ತಿರ ಕರೆದುಕೊಂಡು ಬರಬೇಕಾದವರು ಸಿಗದಿದ್ದರೆ?

ಇನ್ನೊಂದು ಮಾತು. ಒಮಾನಿನ ಮೂಲ ಕಾಯಿದೆಯೂ, ಅಂದರೆ ಇಲ್ಲಿನ ಸಂವಿಧಾನವೂ, ತಪ್ಪು ಸಾಬೀತಾಗುವ ತನಕ ಆರೋಪಿ ನಿರಪರಾಧಿ ಎಂದೇ ಹೇಳುತ್ತದೆ. ನಮ್ಮ ದೇಶದ ಕಾನೂನು ಹೇಳುವುದೂ ಅದನ್ನೇ. ಈ ತತ್ವದ ಬೆಲೆ ಪರದೇಶದಲ್ಲಿ ದುಡಿಯುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು?

2016ರ ಏಪ್ರಿಲಿನಲ್ಲಿ ಸಲಾಲಾದಲ್ಲಿ ನಡೆದದ್ದನ್ನು ಹಳಬರು ಮರೆತಿರಲಿಕ್ಕಿಲ್ಲ. ಕೇರಳದ ಒಬ್ಬ ನರ್ಸ್, ಗರ್ಭಿಣಿ, ತಮ್ಮ ಫ್ಲ್ಯಾಟಿನಲ್ಲೇ ಕೊಲೆಯಾದರು. ಪೊಲೀಸರು ಗಂಡನನ್ನು ವಿಚಾರಣೆಗೆಂದು ಇರಿಸಿಕೊಂಡರು. ಹೆಂಡತಿಯ ಅಂತ್ಯಕ್ರಿಯೆಗೂ ಆತ ಊರಿಗೆ ಹೋಗಲಾಗಲಿಲ್ಲ. ಸುಮಾರು ನಾಲ್ಕು ತಿಂಗಳ ನಂತರ ಯಾವ ಆರೋಪವೂ ಇಲ್ಲದೆ ಬಿಡುಗಡೆಯಾಯಿತು. ಆ ನಾಲ್ಕು ತಿಂಗಳು "ಗಂಡನೇ ಮಾಡಿರಬೇಕು" ಎಂದು ಸುಲಭವಾಗಿ ಹೇಳಿದವರು ಎಷ್ಟು ಮಂದಿ! ಸಂಶಯ ಬಂದವನನ್ನೆಲ್ಲ ಶಿಕ್ಷಿಸುವ ಕಾನೂನು ಇದ್ದಿದ್ದರೆ ಆತನ ಗತಿ ಏನಾಗುತ್ತಿತ್ತು? ಭಾಷೆ ಬಾರದ, ಬಂಧು ಬಳಗ ಇಲ್ಲದ, ಪಾಸ್‌ಪೋರ್ಟು ಪೊಲೀಸರ ಕೈಯಲ್ಲಿರುವ ಮನುಷ್ಯನಿಗೆ "ಸಾಬೀತು ಮಾಡಿ ತೋರಿಸಿ" ಎಂಬ ಕಾನೂನೇ ಕೊನೆಯ ಆಸರೆ.

ಇದರ ಬಗ್ಗೆ ನಮ್ಮ ಕನ್ನಡಿಗರೇ ಒಬ್ಬರು ದೇಶದ ಮಟ್ಟದಲ್ಲಿ ಚರ್ಚೆ ಎಬ್ಬಿಸಿದ್ದರು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೇಂದ್ರಕ್ಕೆ ವರದಿ ಕೊಟ್ಟಿತು. "ಸಂಶಯಕ್ಕೆ ಎಡೆಯಿಲ್ಲದಂತೆ" ಸಾಬೀತಾಗಬೇಕು ಎಂಬ ಅಳತೆಗೋಲು ತುಂಬ ಬಿಗಿಯಾಯಿತು, ಸ್ವಲ್ಪ ಸಡಿಲಿಸಬೇಕು ಎಂಬುದು ಅದರ ಶಿಫಾರಸುಗಳಲ್ಲಿ ಒಂದು. ದೇಶ ಅದನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಈ ಪ್ರಕರಣದಲ್ಲೇ ನೋಡಿ. ಮನೆಯವರೇ ನಿರಪರಾಧಿ ಎನ್ನುವ ವ್ಯಕ್ತಿ ಜೈಲಿನಲ್ಲಿ ಉಳಿಯುತ್ತಿದ್ದ, ಫೈಲು ಮುಚ್ಚುತ್ತಿತ್ತು, ಕೇಳುವವರು ಯಾರೂ ಇರುತ್ತಿರಲಿಲ್ಲ.

ತೀರ್ಪು ಸೋಲುವುದು ಎಲ್ಲಿ?

ಎಲ್ಲ ಬಿಡುಗಡೆಗಳೂ ಒಂದೇ ಥರ ಅಲ್ಲ. ಬೇರೆ ಎರಡು ಪ್ರಕರಣಗಳ ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಮೊದಲನೆಯದು ಕಂಬಾಲಪಲ್ಲಿ. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಚಿಂತಾಮಣಿ ತಾಲೂಕಿನ ಹಳ್ಳಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಊರಿನ ನಡುವೆ, ಹತ್ತಾರು ಜನರ ಎದುರು ನಡೆದ ಕೃತ್ಯ. ಆದರೂ 2006ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಡುಗಡೆ ಮಾಡಿತು. ಕಾರಣ, ಸಾಕ್ಷಿಗಳು ಒಬ್ಬರ ಹಿಂದೆ ಒಬ್ಬರು ತಿರುಗಿಬಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ಊರಿನಲ್ಲಿ, ಅದೇ ಜನರ ನಡುವೆ, ಅವರದೇ ಹೊಲದಲ್ಲಿ ಕೂಲಿ ಮಾಡಿ ಬದುಕಬೇಕಾದವನು ಆರು ವರ್ಷದ ನಂತರ ಕೋರ್ಟಿನಲ್ಲಿ ನಿಂತು ಬೆರಳು ತೋರಿಸುತ್ತಾನೆಯೇ? ಬಡವನ ಧೈರ್ಯಕ್ಕೂ ಒಂದು ಮಿತಿ ಇದೆ. ಅಲ್ಲಿ ಸೋತದ್ದು ಸಾಕ್ಷಿಗೆ ಕೊಡಬೇಕಾದ ರಕ್ಷಣೆ.

ಎರಡನೆಯದು ದೆಹಲಿಯ ಜೆಸ್ಸಿಕಾ ಲಾಲ್ ಪ್ರಕರಣ. 1999ರಲ್ಲಿ ಜನ ತುಂಬಿದ ಒಂದು ಪಾರ್ಟಿಯಲ್ಲಿ ಗುಂಡು ಹಾರಿಸಿ ಕೊಲೆ. 2006ರ ಫೆಬ್ರವರಿಯಲ್ಲಿ ಎಲ್ಲ ಆರೋಪಿಗಳೂ ಬಿಡುಗಡೆ. ಇಡೀ ದೇಶ ಸಿಡಿದೆದ್ದಿತು. ದೆಹಲಿ ಹೈಕೋರ್ಟು ಮೇಲ್ಮನವಿಯನ್ನು ಬೇಗನೆ ಕೇಳಿ ಅದೇ ಡಿಸೆಂಬರಿನಲ್ಲಿ ಪ್ರಭಾವಿ ರಾಜಕಾರಣಿಯ ಮಗನಾದ ಮುಖ್ಯ ಆರೋಪಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟು ಅದನ್ನು ಖಾಯಂ ಮಾಡಿತು. ಸಾಕ್ಷಿಗಳು ತಿರುಗಿಬಿದ್ದರೂ ಉಳಿದ ಸಾಕ್ಷ್ಯ ಕಡತದಲ್ಲಿತ್ತು. ಜನರ ಸಿಟ್ಟು ಸಾಕ್ಷ್ಯವನ್ನು ಹುಟ್ಟಿಸಲಿಲ್ಲ, ಇದ್ದ ಸಾಕ್ಷ್ಯವನ್ನು ಮತ್ತೆ ನೋಡುವಂತೆ ಮಾಡಿತು.

ಸೌಜನ್ಯ ಪ್ರಕರಣದ ದುಃಖ ಇರುವುದೇ ಇಲ್ಲಿ. ಅತ್ಯಾಚಾರ ಮತ್ತು ಕೊಲೆ ನಡೆದಾಗ ದೇಹ, ಬಟ್ಟೆ, ಮಣ್ಣು ಇವೇ ಮಾತನಾಡುವ ಸಾಕ್ಷಿಗಳು. ಅವು ಹೆದರುವುದಿಲ್ಲ, ದುಡ್ಡಿಗೆ ತಿರುಗುವುದಿಲ್ಲ. ಆದರೆ ಹೆಚ್ಚು ಹೊತ್ತು ಕಾಯುವುದೂ ಇಲ್ಲ. ತೆಗೆದ ಮಾದರಿಯನ್ನು ಒಣಗಿಸಿ, ಸೀಲು ಮಾಡಿ, ತಂಪಿನಲ್ಲಿಟ್ಟು ಬೇಗ ಪ್ರಯೋಗಾಲಯಕ್ಕೆ ಕಳಿಸದಿದ್ದರೆ ಬೂಸ್ಟು ಹಿಡಿಯುತ್ತದೆ, ಡಿಎನ್‌ಎ ಸಿಗುವುದಿಲ್ಲ. ಮಳೆ ಬಂದರೆ ಜಾಗದ ಗುರುತು ತೊಳೆದುಹೋಗುತ್ತದೆ. ಮೊದಲ ದಿನ ಕಳೆದುಕೊಂಡದ್ದನ್ನು ಸಿಬಿಐ ಬಂದರೂ, ಸುಪ್ರೀಂ ಕೋರ್ಟು ಹೇಳಿದರೂ ಮರಳಿ ತರಲಾಗದು. ತಾಲೂಕು ಮಟ್ಟದ ಠಾಣೆ ಮತ್ತು ಶವಪರೀಕ್ಷೆ ಮಾಡುವ ಆಸ್ಪತ್ರೆ, ಈ ಎರಡು ಕಡೆ ಮೊದಲ 24 ಗಂಟೆಯಲ್ಲಿ ಆಗುವ ಕೆಲಸದ ಮೇಲೆ ಮುಂದಿನ ಎಲ್ಲ ತೀರ್ಪುಗಳೂ ನಿಂತಿವೆ.

ಕೇಳಬೇಕಾದ ಪ್ರಶ್ನೆ

ಹಾಗಾದರೆ ಲೋಪ ಮಾಡಿದವರಿಗೆ ಏನೂ ಆಗುವುದಿಲ್ಲವೇ? ಇದಕ್ಕೆ ಸುಪ್ರೀಂ ಕೋರ್ಟಿನ ಸ್ಪಷ್ಟ ಆದೇಶ ಇದೆ. ಗುಜರಾತಿನಲ್ಲಿ ಆರು ವರ್ಷದ ಮಗುವಿನ ಅತ್ಯಾಚಾರ ಮತ್ತು ಕೊಲೆ ಪ್ರಕರಣವೊಂದು ಹೀಗೆಯೇ ತನಿಖೆಯ ಲೋಪದಿಂದ ಖುಲಾಸೆಯಾಯಿತು. 2014ರ ಜನವರಿಯಲ್ಲಿ ಆ ಖುಲಾಸೆಯನ್ನು ಒಪ್ಪುತ್ತಲೇ ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೂ ಹೇಳಿತು: ಪ್ರತಿ ಖುಲಾಸೆಯ ಕಾರಣವನ್ನು ಹಿರಿಯ ಅಧಿಕಾರಿಗಳ ಸಮಿತಿ ಪರಿಶೀಲಿಸಬೇಕು, ತಪ್ಪು ಮಾಡಿದ ತನಿಖಾಧಿಕಾರಿ ಅಥವಾ ಸರ್ಕಾರಿ ವಕೀಲರನ್ನು ಗುರುತಿಸಬೇಕು, ಬೇಜವಾಬ್ದಾರಿ ಎಂದು ಕಂಡರೆ ಇಲಾಖಾ ಕ್ರಮ ಜರುಗಿಸಬೇಕು, ಆ ಪಾಠವನ್ನು ತರಬೇತಿಯಲ್ಲಿ ಸೇರಿಸಬೇಕು.

ಸೌಜನ್ಯ ಪ್ರಕರಣದ ತೀರ್ಪು ಬೆರಳು ತೋರಿಸಿದ್ದೂ ಇಂಥ ಸಮಿತಿಯ ಕಡೆಗೇ. ನಮ್ಮ ಶಾಸಕರು, ಸಂಸದರು, ಮಂತ್ರಿಗಳು ಮಸ್ಕತ್ತಿಗೆ ಬಂದಾಗ ಹಾರ ಹಾಕಿ ಶಾಲು ಹೊದಿಸುತ್ತೇವೆ. ಆಗ ಒಂದು ಪ್ರಶ್ನೆಯನ್ನೂ ಕೇಳೋಣ: ನಮ್ಮ ಜಿಲ್ಲೆಯಲ್ಲಿ ಕಳೆದ ವರ್ಷ ಎಷ್ಟು ಕೊಲೆ ಪ್ರಕರಣ ಖುಲಾಸೆಯಾಯಿತು, ಸಮಿತಿ ಎಷ್ಟು ಸಲ ಕೂತಿತು, ಯಾರ ಮೇಲೆ ಕ್ರಮ ಆಯಿತು? "ನ್ಯಾಯ ಬೇಕು" ಎಂಬ ಕೂಗಿಗೆ ಭರವಸೆ ಕೊಟ್ಟು ಹೋಗಬಹುದು. ಲೆಕ್ಕ ಕೇಳಿದರೆ ಲೆಕ್ಕವನ್ನೇ ಕೊಡಬೇಕಾಗುತ್ತದೆ.

ತಿಳಿದಿರಬೇಕಾದ ಹಕ್ಕುಗಳು

ಗಲ್ಫ್ ದೇಶಗಳಲ್ಲಿ ಕೊಲೆಯಾದವರ ವಾರಸುದಾರರ ಮಾತಿಗೆ, ದಿಯಾ ಎಂಬ ರಕ್ತಪರಿಹಾರಕ್ಕೆ ಕಾನೂನಿನಲ್ಲಿ ಜಾಗ ಇರುವುದು ನಮಗೆ ಗೊತ್ತು. ಭಾರತದಲ್ಲಿ ಕೊಲೆ ಪ್ರಕರಣ ಎಂದರೆ ಸರ್ಕಾರ ಮತ್ತು ಆರೋಪಿಯ ನಡುವಿನ ವ್ಯಾಜ್ಯ. ಬಹಳ ಕಾಲ ಮನೆಯವರು ಬರೀ ಸಾಕ್ಷಿಗಳಾಗಿದ್ದರು. 2009ರ ಕೊನೆಯಿಂದ ಇದು ಬದಲಾಗಿದೆ. ಆರೋಪಿ ಬಿಡುಗಡೆಯಾದರೆ ಸಂತ್ರಸ್ತರು ಅಥವಾ ಅವರ ವಾರಸುದಾರರು ತಾವೇ ಮೇಲ್ಮನವಿ ಹಾಕಬಹುದು. ಅದಕ್ಕೆ ವಿಶೇಷ ಅನುಮತಿಯೂ ಬೇಕಿಲ್ಲ ಎಂದು 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗೆ ಹೇಳಿದ್ದು ನಮ್ಮ ಬಾಗಲಕೋಟೆಯ ಒಂದು ಕೊಲೆ ಯತ್ನ ಪ್ರಕರಣದಲ್ಲಿ. "ಸರ್ಕಾರ ಅಪೀಲು ಹಾಕಲಿಲ್ಲ, ಇನ್ನು ಮುಗಿಯಿತು" ಎಂದು ಕೈಚೆಲ್ಲಿ ಕೂರಬೇಕಾಗಿಲ್ಲ.

2024ರ ಜುಲೈ 1ರಿಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಜಾರಿಯಾಗಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾ ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದನ್ನು ಚಿತ್ರೀಕರಿಸಬೇಕು. ಐದು ವರ್ಷದೊಳಗೆ ಎಲ್ಲ ರಾಜ್ಯಗಳೂ ಇದನ್ನು ಜಾರಿಗೆ ತರಬೇಕು. ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಸಾಕ್ಷಿಗಳ ರಕ್ಷಣೆಗೆ ಪ್ರತಿ ರಾಜ್ಯವೂ ಯೋಜನೆ ಮಾಡಬೇಕು. ಕಂಬಾಲಪಲ್ಲಿಯವರಿಗೆ ಇವು ತಡವಾಗಿ ಬಂದವು. ಮುಂದಿನವರಿಗೆ ಕಾಗದದಲ್ಲೇ ಉಳಿಯದಿರಲಿ.

ಮನೆಯಲ್ಲಿ ಹೇಳಿಡಬೇಕಾದ ಮಾತುಗಳು ಕೆಲವು ಇವೆ. 18 ವರ್ಷದೊಳಗಿನ ಮಗು ಕಾಣೆಯಾದರೆ ಪೊಲೀಸರು ಕೂಡಲೇ ಎಫ್‌ಐಆರ್ ದಾಖಲಿಸಬೇಕು, ಅಪಹರಣ ಎಂದೇ ಭಾವಿಸಿ ತನಿಖೆ ಶುರು ಮಾಡಬೇಕು ಎಂದು 2013ರ ಮೇ ತಿಂಗಳಲ್ಲೇ ಸುಪ್ರೀಂ ಕೋರ್ಟು ಆದೇಶಿಸಿದೆ. "ನಾಳೆ ಬೆಳಿಗ್ಗೆ ತನಕ ನೋಡಿ" ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ತುರ್ತಿಗೆ 112, ಮಕ್ಕಳ ಸಹಾಯಕ್ಕೆ 1098. ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ಹತ್ತಿರದ ಠಾಣೆ ದೂರು ತೆಗೆದುಕೊಳ್ಳಲೇಬೇಕು. ಇ-ಮೇಲಿನಂಥ ವಿದ್ಯುನ್ಮಾನ ಮಾರ್ಗದಲ್ಲೂ ದೂರು ಕೊಡಬಹುದು, ಆದರೆ ಕೊಟ್ಟವರು ಮೂರು ದಿನದೊಳಗೆ ಸಹಿ ಮಾಡಬೇಕು. ಹಾಗಾಗಿ ನಾವು ಇಲ್ಲಿಂದ ಕಳಿಸುವುದಕ್ಕಿಂತ ಊರಿನಲ್ಲಿರುವವರ ಹೆಸರಿನಲ್ಲಿ ಕೊಡಿಸುವುದು ಒಳ್ಳೆಯದು. ದೂರಿನ ಪ್ರತಿಯನ್ನು ಉಚಿತವಾಗಿ ಪಡೆಯುವುದು ಹಕ್ಕು. ಶವ ಸಿಕ್ಕಿದ ಜಾಗದಲ್ಲಿ ಜನ ಗುಂಪುಗೂಡಿ ತುಳಿದಾಡದಂತೆ ನೋಡಿಕೊಳ್ಳುವುದು ಕೂಡ ಊರವರು ಮಾಡಬಹುದಾದ ದೊಡ್ಡ ಉಪಕಾರ.

ನಮ್ಮ ಬೆರಳ ತುದಿಯ ಜವಾಬ್ದಾರಿ

ದೂರದಲ್ಲಿರುವ ನಮಗೆ ಸಿಟ್ಟು ತೀರಿಸಿಕೊಳ್ಳಲು ಸುಲಭದ ಸಾಧನ ಮೊಬೈಲು. ತೀರ್ಪು ಬಂದ ಮೇಲೆ ಎಷ್ಟೆಲ್ಲ ಬಂತು! ಇವನೇ, ಅವನೇ, ಅವರ ಮನೆಯವರೇ ಎಂದು ಹೆಸರು, ಫೋಟೊ, ಧ್ವನಿಮುದ್ರಿಕೆ. ಕೋರ್ಟಿನಲ್ಲಿ ಒಬ್ಬನ ಮೇಲೆ ಸಾಕ್ಷ್ಯವಿಲ್ಲದೆ ಆರೋಪ ನಿಂತದ್ದಕ್ಕೆ ಬೇಸರಪಟ್ಟ ನಾವೇ, ಸಾಕ್ಷ್ಯವಿಲ್ಲದೆ ಇನ್ನೊಬ್ಬನಿಗೆ ಕೊಲೆಗಾರ ಎಂಬ ಪಟ್ಟ ಕಟ್ಟಿದರೆ ಅದು ಯಾವ ನ್ಯಾಯ? ಸೌಜನ್ಯಳ ಹೆಸರಿನಲ್ಲಿ ಇನ್ನೊಂದು ಅನ್ಯಾಯ ಆಗಬಾರದು. ನಿಜವಾದ ಮಾಹಿತಿ ಇದ್ದವರು ಅದನ್ನು ವಕೀಲರ ಮೂಲಕ ತನಿಖೆಯವರಿಗೆ ಮುಟ್ಟಿಸಲಿ. ವಾಟ್ಸಾಪಿನಲ್ಲಿ ತಿರುಗುವ ಮಾಹಿತಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅಪರಾಧಿಗೆ ಎಚ್ಚರಿಕೆ ಕೊಡುವ ಕೆಲಸ ಮಾತ್ರ ಮಾಡುತ್ತದೆ.

ಇಲ್ಲಿನ ಕಾನೂನನ್ನೂ ನೆನಪಿಡೋಣ. ಒಮಾನಿನ 2011ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಮೊಬೈಲು, ಇಂಟರ್‌ನೆಟ್ಟಿನ ಮೂಲಕ ಇನ್ನೊಬ್ಬರ ಮಾನಕ್ಕೆ, ಖಾಸಗಿ ಬದುಕಿಗೆ ಧಕ್ಕೆ ತರುವುದು ಶಿಕ್ಷಾರ್ಹ. ಪರವಾನಗಿ ಇಲ್ಲದೆ ಹಣ ಸಂಗ್ರಹಿಸುವುದೂ ಕಾನೂನಿಗೆ ವಿರುದ್ಧ. ಊರಿನ ಹೋರಾಟಕ್ಕೆ ನೆರವಾಗಬೇಕೆಂದು ಇಲ್ಲಿ ಚಂದಾ ಎತ್ತಲು ಹೋಗಿ ಕೆಲಸ, ವೀಸಾ ಕಳಕೊಂಡರೆ ನಮ್ಮನ್ನೇ ನಂಬಿದ ಮನೆಯವರ ಗತಿ ಏನು? ಸಹಾಯ ಮಾಡಬೇಕೆಂದಿದ್ದರೆ ಊರಿಗೆ ಹೋದಾಗ ಊರಿನ ಕಾನೂನಿನಂತೆ ಮಾಡೋಣ.

ಒಂದು ಕೊಲೆಗೆ ಉತ್ತರ ಸಿಗದಿದ್ದರೆ ಆ ಮನೆಯವರಿಗೆ ದುಃಖಿಸುವುದಕ್ಕೂ ಬಿಡುವು ಸಿಗುವುದಿಲ್ಲ. ದಾರಿಯಲ್ಲಿ ಎದುರಾದ ಪ್ರತಿಯೊಬ್ಬನ ಮುಖವನ್ನೂ "ಇವನಿರಬಹುದೇ" ಎಂದು ನೋಡಬೇಕಾಗುತ್ತದೆ. ಊರವರಿಗೂ ಅದೇ ಶಿಕ್ಷೆ. 11 ವರ್ಷದ ಕಡತದ ಕೊನೆಯ ಪುಟದಲ್ಲಿ ನ್ಯಾಯಾಧೀಶರು ಸಾಬೀತಾಗಿಲ್ಲ ಎಂದು ಬರೆದರೆ ಅದು ಅವರ ಕರ್ತವ್ಯ. ಮೊದಲ ಪುಟವನ್ನು ಕೆಡಿಸಿದವರು ಯಾರು, ಅವರಿಂದ ಉತ್ತರ ಪಡೆದವರು ಯಾರು ಎಂದು ಕೇಳುವುದು ನಮ್ಮ ಕರ್ತವ್ಯ. ಆ ತಾಯಿ ಇಷ್ಟು ವರ್ಷ ದಣಿಯದೆ ಕೇಳಿದ್ದಾರೆ. ಅವರ ಜೊತೆಗೆ ನಾವೂ, ಹೆಸರು ಊಹಿಸದೆ, ಲೆಕ್ಕ ಬಿಡದೆ, ಕೇಳುತ್ತಲೇ ಇರೋಣ.